ಒಂದು ರಾತ್ರಿ ನಿಲ್ಲಿಸಬೇಕಿತ್ತು

ಮೊದಲೇ ಹೇಳಿಡದೆ ನಾನು ಕ್ಷೌರಕ್ಕೂ ಹೋಗುವವನಲ್ಲ. ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತ ಬೆಳೆದವನು. ಜಾಗ ಗಟ್ಟಿಯಾಗದೆ ನನಗೆ ಉಸಿರೇ ಆಡುವುದಿಲ್ಲ. ನನ್ನ ಹೆಂಡತಿ ನಾಗರತ್ನ ಇದಕ್ಕೆ ತದ್ವಿರುದ್ಧ. "ಭೂಮಿ ಇಷ್ಟ್ ದೊಡ್ಡದೈತೆ, ಎಲ್ಲೋ ಒಂದ್ ಕಡೆ ಜಾಗ ಸಿಗ್ತೈತೆ ಬಿಡ್ರಿ" ಎನ್ನುವ ಪೈಕಿ.

ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ವ್ಯಾನೊಂದನ್ನು ಬಾಡಿಗೆಗೆ ಹಿಡಿದು ಊರೂರು ಸುತ್ತುವ ಹುಚ್ಚು ನಮಗೆ ಹತ್ತಿದ್ದು ನಾನು ನಿವೃತ್ತನಾದ ಮೇಲೆ. ಮೊದಲ ಸಲ ಅವಳ ಮಾತು ಕೇಳಿ ಎಲ್ಲೂ ಜಾಗ ಕಾದಿರಿಸದೆ ಹೊರಟೆವು. ಹಿರಿಯೂರಿನ ಸುತ್ತಮುತ್ತ ನಿಲ್ಲಿಸಿದಲ್ಲೆಲ್ಲ ಯಾರಾದರೊಬ್ಬರು ಬಂದು ಎಬ್ಬಿಸಿದರು. ಕೊನೆಗೆ ಹೆದ್ದಾರಿ ಪಕ್ಕ, ತೆಂಗಿನಕಾಯಿ ಲಾರಿಗಳ ನಡುವೆ ಹಾರನ್ ಕೇಳುತ್ತ ಬೆಳಗು ಮಾಡಿದೆವು. ಹಾಗಾಗಿ ಎರಡನೇ ಸಲದ ಯಜಮಾನಿಕೆ ನನಗೆ ಬಂತು. "ನೋಡಾಣ ನಿಮ್ ರಿಸರ್ವೇಶನ್ನು. ಇದೂ ಕೆಟ್ರೆ ವ್ಯಾನು ಗೀನು ಎಲ್ಲ ಬಂದ್, ಮನ್ಯಾಗೇ ಕುಂತ್ಕಳಾಣ" ಎಂದಳು ನಾಗರತ್ನ. ಅವಳು ಹೇಳಿದರೆ ಹೇಳಿದಂತೆಯೇ ಮಾಡುತ್ತಾಳೆ.

ತಾಳ್ಯದ ಕಡೆಯ ತಿಪ್ಪೇಸ್ವಾಮಿ ಎಂಬ ರೈತರ ನಂಬರು ಪರಿಚಯದವರೊಬ್ಬರಿಂದ ಸಿಕ್ಕಿತು. ಫೋನ್ ಮಾಡಿ, "ಶನಿವಾರ ನಿಮ್ ಹೊಲದಾಗೆ ಒಂದ್ ರಾತ್ರಿ ನಿಲ್ಲಿಸ್ಬೇಕಿತ್ತು" ಎಂದೆ.

"ಅದ್ಕೇನ್ರಿ, ಧಾರಾಳವಾಗಿ ನಿಲ್ಲಿಸ್ರಿ! ನೀರೂ ಐತೆ."

"ನಾವಿಬ್ರೂ ಅಲ್ಲೇ ಮಲಗ್ತೀವಿ."

"ಮತ್ತೆ! ನೀವು ಮಲಗ್ದಿದ್ರೆ ಕಾಯೋರ್ಯಾರು?"

ಎಂಥ ಕಾಳಜಿ! ಬಾಡಿಗೆ ವಿಚಾರಿಸಿದರೆ, "ಏನ್ ಮಾತು ಅಂತ ಆಡ್ತೀರಿ, ನಾನೇ ನಿಮ್ಗೆ ರಾಗಿ ಕೊಡ್ಬೇಕು" ಎಂದರು. ಈ ಸಂಭಾಷಣೆಯನ್ನು ನಾಗರತ್ನಳಿಗೆ ಮೂರು ಸಲ ಹೇಳಿ ಮೀಸೆ ತಿರುವಿದೆ.

ಶನಿವಾರ ಸಂಜೆ ಹೊತ್ತು ಮುಳುಗುವ ಮುಂಚೆ ತಲುಪಿದೆವು. ಬದುವಿನ ಮೇಲೆ ಕಾಯುತ್ತಿದ್ದ ತಿಪ್ಪೇಸ್ವಾಮಿ ವ್ಯಾನಿನ ಹಿಂದಕ್ಕೆ ಇಣುಕಿ ನೋಡಿ, "ಬರ್ರಿ ಬರ್ರಿ. ಕುರಿ ಹಿಂದೆ ಬರ್ತಾವಾ?" ಎಂದರು.

"ಯಾವ ಕುರಿ?"

ಗೊಬ್ಬರವಾಗಲಿ ಎಂದು ಬೆಳೆ ಇಲ್ಲದ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಂಡು, ಕುರಿಯವರಿಗೆ ಕಾಳು ಕೊಡುವುದು ನಮ್ಮ ಕಡೆಯ ಹಳೆಯ ರೂಢಿ. ಹೊಲದಲ್ಲಿ ನಿಲ್ಲಿಸುವುದೆಂದರೆ ಅವರಿಗೆ ಕುರಿಯೇ ಹೊರತು ವ್ಯಾನಲ್ಲ. "ನೀವು ಹೇಳಿದ್ರಿ ಅಂತ ಹಿರೇಗುಂಟನೂರಿನ ಮಂದೇನ ಬ್ಯಾಡ ಅಂದ್ಬಿಟ್ನಲ್ರೀ!" ಎಂದು ಅವರು ತಲೆ ಮೇಲೆ ಕೈಹೊತ್ತರು. ಅವರ ಗೊಬ್ಬರವೂ ಹೋಯಿತು, ನನ್ನ ರಿಸರ್ವೇಶನ್ನೂ ಹೋಯಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಳೇ ಮುಂದೆ ಬಂದು, "ಆ ಮಂದೆಯೋರಿಗೆ ಈಗ್ಲೇ ಫೋನ್ ಮಾಡ್ರಿ ಅಣ್ಣ" ಎಂದಳು. ಪುಣ್ಯಕ್ಕೆ ಮಂದೆ ಇನ್ನೂ ಪಕ್ಕದೂರಲ್ಲೇ ಇತ್ತು, ಕುರಿಯವರು ನಾಳೆ ಬರುತ್ತೇವೆಂದರು. ತಿಪ್ಪೇಸ್ವಾಮಿಯವರ ಮುಖ ಅರಳಿತು. "ನಿಮ್ ವ್ಯಾನು ನಿಲ್ಲಿಸ್ಕಳ್ರಿ, ಜಾಗಕ್ಕೇನು ಬರ?" ಎಂದರು. ಅಬ್ಬಾ, ಹೋದ ಜೀವ ಬಂದಂತಾಯಿತು!

ಅವರ ಮನೆಯಲ್ಲೇ ಊಟಕ್ಕೆ ಕುಳಿತೆವು. "ಮುಂದಿನ್ ಸಲ ನಾನೇ ಫೋನ್ ಮಾಡ್ತೀನಿ" ಎಂದಳು ನಾಗರತ್ನ. ಅಂದರೆ ಮುಂದಿನ ಸಲ ಎಂಬುದೊಂದು ಇದೆ! ಆ ಖುಷಿಯಲ್ಲಿ ತಿಪ್ಪೇಸ್ವಾಮಿಯವರಿಗೆ ಮತ್ತೊಮ್ಮೆ, "ನನ್ನಿಂದ ತೊಂದ್ರೆ ಆತು, ಇವತ್ತು ಒಂದ್ ಕುರೀನೂ ಬರ್ಲಿಲ್ಲ" ಎಂದೆ.

"ಯಾಕ್ ಬರ್ಲಿಲ್ಲ?" ಎಂದು ನಾಗರತ್ನ ನನ್ನತ್ತ ಕೈ ತೋರಿಸಿದಳು. "ಒಂದ್ ಬಂದೈತಲ್ಲ, ಮೊದ್ಲೇ ರಿಸರ್ವೇಶನ್ ಮಾಡಿಸ್ಕಂಡು!"

ಎಲ್ಲರೂ ನಕ್ಕರು. ವ್ಯಾನು ಬಂದ್ ಆಗಲಿಲ್ಲವಲ್ಲ, ಅಷ್ಟಕ್ಕೆ ಕುರಿಯಾಗಲೂ ಸೈ ಎಂದುಕೊಂಡು ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.