ಮೊದಲು ಸಿಕ್ಕಿದ್ದೇ ಸರಿ

ನೀವೇ ನ್ಯಾಯ ಹೇಳಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಇನ್‌ಚಾರ್ಜ್ ಆಗಿ ತಲೆ ನರೆಸಿಕೊಂಡವನು ನಾನು. ಅಲ್ಲಿ 'ಹತ್ತೊಂಬತ್ತರ ಸ್ಪ್ಯಾನರ್' ಎಂದು ಬಾಯಿ ಬಿಟ್ಟರೆ ಸಾಕು, ಸ್ಪ್ಯಾನರ್ ಕೈಗೆ ಬರುತ್ತದೆ. ಅದೇ ನಾನು ಕೆಂಪಾಪುರದ ನನ್ನ ಮನೆಗೆ ಬಂದು 'ನೇಲ್ ಕಟರ್' ಎಂದರೆ ನೇಲ್ ಕಟರ್ ಬರುವುದಿಲ್ಲ, ವಿಳಾಸ ಬರುತ್ತದೆ.

"ಒಳಗಿನ ರೂಮು, ಬೀರು, ಕೆಳಗಿನ ಖಾನೆ, ಸ್ವೆಟರ್ ಹಿಂದೆ ಐಸ್‌ಕ್ರೀಮ್ ಡಬ್ಬ, ಅದ್ರೊಳಗೆ ಬಿಸ್ಕತ್ ಡಬ್ಬ, ಅದ್ರಲ್ಲಿದೆ ನೋಡ್ಕೊಳ್ಳಿ," ಎನ್ನುತ್ತಾಳೆ ಇಂದು ಎಂಬ ಹೆಸರಿನ ನನ್ನ ಹೆಂಡತಿ, ತಲೆಯನ್ನೂ ಎತ್ತದೆ.

(ನಮ್ಮ ಮನೆಯ ಐಸ್‌ಕ್ರೀಮ್ ಡಬ್ಬಗಳಲ್ಲಿ ಐಸ್‌ಕ್ರೀಮ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಯಾವುದನ್ನೂ ಬಿಸಾಡುವ ಹಾಗಿಲ್ಲ. 'ಇರ್ಲಿ, ಯಾವತ್ತಾದ್ರೂ ಬೇಕಾಗುತ್ತೆ' ಎಂಬುದು ಆಕೆಯ ಕುಲಮಂತ್ರ.)

ಇದನ್ನೂ ಸಹಿಸಿಕೊಂಡಿದ್ದೆ. ಆದರೆ ಈ ವಿಳಾಸದ ಚಾಳಿ ಕಂಪ್ಯೂಟರಿಗೂ ಹಬ್ಬಿದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಇಂದು ಮನೆಯಲ್ಲೇ ಬ್ಲೌಸ್‌ಗಳಿಗೆ ಮೆಷಿನ್ ಕಸೂತಿ ಹಾಕಿಕೊಡುತ್ತಾಳೆ. ಆರ್.ಟಿ. ನಗರದ ತಾಜುದ್ದೀನ್ ಎಂಬ ಮೆಷಿನ್ ರಿಪೇರಿಯವರು ಒಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, 'ಹೊಲಿ' ಎಂಬ ಪ್ರೋಗ್ರಾಮನ್ನೂ ಬರೆದುಕೊಟ್ಟಿದ್ದಾರೆ. ಇಂದು ಹೂವನ್ನೋ ಹಕ್ಕಿಯನ್ನೋ ಬಿಡಿಸುತ್ತಾಳೆ, ಹೊಲಿ ಅದನ್ನು ಸೂಜಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತದೆ, ಅದನ್ನು ಪೆನ್ ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚಿದರೆ ಕಸೂತಿ ತಾನಾಗಿ ಬೀಳುತ್ತದೆ. ಎಲ್ಲ ಸರಿ. ಆದರೆ ಹೊಲಿಯನ್ನು ಕರೆಯುವಾಗಲೆಲ್ಲ ಈ ಮಹಾತಾಯಿ ಅದರ ಪೂರ್ತಿ ವಿಳಾಸ ಬರೆಯುತ್ತಾಳೆ. ಬರೆಯುವುದಷ್ಟೇ ಅಲ್ಲ, ಬಾಯಲ್ಲೂ ಹೇಳಿಕೊಳ್ಳುತ್ತಾಳೆ: ಸ್ಲ್ಯಾಶ್ ಹೋಮ್ ಸ್ಲ್ಯಾಶ್ ಇಂದು ಸ್ಲ್ಯಾಶ್ ಕೆಲಸ ಸ್ಲ್ಯಾಶ್ ಕಸೂತಿ ಸ್ಲ್ಯಾಶ್ ಹೊಲಿ. ನಮ್ಮ ಪುರೋಹಿತರು ಸಂಕಲ್ಪದಲ್ಲಿ ಜಂಬೂದ್ವೀಪದಿಂದ ಶುರು ಮಾಡಿ ನಮ್ಮ ಮನೆಗೆ ಬರುವುದು ಇದಕ್ಕಿಂತ ಬೇಗ.

ಕಾರ್ಖಾನೆಯಲ್ಲಿ ನಮಗೂ ಲಿನಕ್ಸ್ ಬಂದು, ತರಬೇತಿಯೂ ಆಗಿತ್ತು. ಅಲ್ಲಿ ಪಾತ್ ಎಂಬ ದಿವ್ಯಜ್ಞಾನ ನನಗೆ ಪ್ರಾಪ್ತವಾಗಿತ್ತು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೆಂಡತಿಗೂ ನನ್ನ ಅಮ್ಮ ವೆಂಕಟಲಕ್ಷ್ಮಮ್ಮನಿಗೂ ಧಾರೆಯೆರೆದೆ.

"ಅಮ್ಮ, ನೀನು ಕೊತ್ತಂಬರಿ ಸೊಪ್ಪು ತಗೊಂಡ್ಬಾ ಅಂತೀಯ. ಎಲ್ಲಿಂದ ಅಂತ ಹೇಳ್ತೀಯಾ?"

"ಇಲ್ಲ."

"ಹೇಳ್ಬೇಕಾಗಿಲ್ಲ. ನಾನು ಮೊದಲು ಗೇಟ್ ಹತ್ರ ತಳ್ಳೋ ಗಾಡೀಲಿ ನೋಡ್ತೀನಿ. ಅಲ್ಲಿಲ್ಲ ಅಂದ್ರೆ ಆಂಜಿನಪ್ಪನ ಅಂಗಡಿ. ಅಲ್ಲೂ ಇಲ್ಲ ಅಂದ್ರೆ ಹೆಬ್ಬಾಳ. ಎಲ್ಲಿ ಮೊದಲು ಸಿಕ್ತೋ ಅದನ್ನ ತಗೊಂಡು ವಾಪಸ್, ಮುಂದಕ್ಕೆ ಹೋಗೋ ಮಾತೇ ಇಲ್ಲ. ಎಲ್ಲೆಲ್ಲಿ ಹುಡುಕ್ಬೇಕು, ಯಾವುದಾದ್ಮೇಲೆ ಯಾವುದು, ಅಂತ ನನ್ನ ತಲೇಲಿ ಇದೆಯಲ್ಲ, ಕಂಪ್ಯೂಟರ್ ತಲೇಲೂ ಹಂಗೇ ಇರುತ್ತೆ. ಅದೇ ಪಾತ್. ಹೊಲಿ ಇರೋ ಜಾಗಾನ ಆ ಪಾತ್‌ಗೆ ಸೇರಿಸಿದ್ರೆ ಮುಗೀತು. ಬರೀ ಹೊಲಿ ಅಂದ್ರೆ ಸಾಕು, ಅದೇ ಹುಡುಕ್ಕೊಳ್ಳುತ್ತೆ."

ಅಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದಳು. "ಅದಕ್ಕೇನಪ್ಪಾ ನೀನು ಯಾವಾಗ್ಲೂ ಬಾಡಿದ್ ಸೊಪ್ಪನ್ನೇ ತರೋದು?"

ಇಂದುವಿಗೆ ನಗು ಬಂದು ಸಾರು ನೆತ್ತಿಗೇರಿತು. ವಿದ್ಯಾದಾನಕ್ಕೆ ಈ ಮನೆಯಲ್ಲಿ ಸಿಗುವ ಗುರುದಕ್ಷಿಣೆ ಇದು.

ಗುರುವಾರ ನಮಗೆ ವಾರದ ರಜೆ. ಆ ದಿನವೇ ಪಾತ್ ಸ್ಥಾಪನೆಗೆ ಮುಹೂರ್ತ ಇಟ್ಟೆ.

"ಇವತ್ತು ಮಾತ್ರ ಬೇಡ ಕಣ್ರೀ," ಎಂದಳು ಇಂದು. "ಶಾಂತಲಾ ಬ್ಲೌಸ್ ಇದೆ."

ಶಾಂತಲಾ ಎಂದರೆ ನಮ್ಮ ಮನೆ ಓನರ್ ಚಿಕ್ಕಬೈರಪ್ಪನವರ ಮಗಳು. ಭಾನುವಾರ ಮದುವೆ. ಧಾರೆ ಸೀರೆಯ ಜೊತೆಗೇ ನೇಯ್ದ ಬ್ಲೌಸ್ ಬಟ್ಟೆಯನ್ನು ನಂಬಿ ಇಂದುವಿನ ಕೈಗೆ ಕೊಟ್ಟಿದ್ದರು. ಅಂಥದ್ದು ಇನ್ನೊಂದಿಲ್ಲ. ಬೆನ್ನಿನ ಮೇಲೆ ಎರಡು ನವಿಲು, ಕೊಕ್ಕಿಗೆ ಕೊಕ್ಕು ತಾಗಿಸಿ ಒಂದನ್ನೊಂದು ನೋಡುತ್ತಾ ನಿಂತಿರಬೇಕು. ಇದು ಚೆನ್ನಾಗಿ ಬಂದರೆ ಆ ದೊಡ್ಡ ಬಳಗದ ಬ್ಲೌಸ್‌ಗಳೆಲ್ಲ ಇಂದುವಿನ ಪಾಲಿಗೆ. ಕೆಟ್ಟರೆ ಕೆಂಪಾಪುರದಲ್ಲಿ ಆಕೆಗೆ ಯಾರೂ ಒಂದು ಗುಂಡಿ ಹೊಲಿಯಲೂ ಕೊಡುವುದಿಲ್ಲ. ನಾವು ಅದೇ ಓನರ್ ಮನೆಯ ಮೇಲಿನ ಮಹಡಿಯಲ್ಲಿ ವಾಸವಿರುವವರು ಎಂಬುದನ್ನೂ ನೆನಪಿಡಿ.

"ಅದಕ್ಕೇ ಇವತ್ತು," ಎಂದೆ ನಾನು. "ಅವಸರದ ಕೆಲಸಕ್ಕೇ ಪಾತ್ ಬೇಕಾಗೋದು."

ಮೊದಲ ಪ್ರಯತ್ನದಲ್ಲಿ ಸಣ್ಣದೊಂದು ವಿಘ್ನ ಬಂತು. (ಗಣಪತಿಗೆ ಕೈಮುಗಿಯದೆ ಕೂತಿದ್ದೆ ಎಂದು ಅಮ್ಮನ ವಾದ.) ಪಾತ್‌ನಲ್ಲಿ ಹೊಸ ಜಾಗ ಬರೆಯುವ ಭರದಲ್ಲಿ, ಅದರಲ್ಲಿ ಮೊದಲೇ ಇದ್ದ ಜಾಗಗಳನ್ನು ಉಳಿಸಿಕೊಳ್ಳುವುದನ್ನು ಮರೆತೆ. ಅಂದರೆ ಗಾಡಿ, ಆಂಜಿನಪ್ಪ, ಹೆಬ್ಬಾಳ ಮೂರನ್ನೂ ಒಟ್ಟಿಗೆ ಅಳಿಸಿಹಾಕಿದಂತಾಯಿತು. ಆಮೇಲೆ ಯಾವ ಕಮಾಂಡ್ ಕೊಟ್ಟರೂ 'ನಾಟ್ ಫೌಂಡ್'. ಫೋಲ್ಡರಿನಲ್ಲಿ ಏನಿದೆ ಎಂದು ತೋರಿಸುವ ಎಲ್ಎಸ್ ಎಂಬ ಬಡಪಾಯಿ ಕಮಾಂಡೂ ನಾಪತ್ತೆ. ಇಂದು ಬಗ್ಗಿ ನೋಡಿ, ತನ್ನ ಸ್ಲ್ಯಾಶ್ ಮಂತ್ರ ಬರೆದಳು. ಹೊಲಿ ಲಕ್ಷಣವಾಗಿ ಓಡಿಬಂತು.

"ನಂದು ನಡೀತಿದೆಯಲ್ಲ," ಎಂದಳು.

ಪೂರ್ತಿ ವಿಳಾಸ ಕೊಟ್ಟರೆ ಪಾತ್‌ನ ಗೊಡವೆಯೇ ಬೇಕಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೈ ಉರಿಯಿತು. ಪರದೆಯ ಮೇಲಿನ ಕಮಾಂಡ್ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದೆ, ಅಳಿಸಿದ್ದೆಲ್ಲ ವಾಪಸ್ ಬಂತು. ಈ ಸಲ ಹಳೆಯ ಜಾಗಗಳನ್ನು ಹಾಗೇ ಉಳಿಸಿ, ಅವುಗಳ ಮುಂದೆ ಇಂದುವಿನ ಕೆಲಸದ ಫೋಲ್ಡರುಗಳನ್ನು ಒಂದೂ ಬಿಡದೆ ಸೇರಿಸಿದೆ. ಅದೂ ಹೇಗೆ? ಸ್ಟೋರ್ಸಿನಲ್ಲಿ ರ‍್ಯಾಕ್ ಜೋಡಿಸುವ ಹಾಗೆ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ. ಎಚ್‌ನ 'ಹಳೇದು' ಮೊದಲು, ಕೆಯ 'ಕಸೂತಿ' ಆಮೇಲೆ. ಬರೀ 'ಹೊಲಿ' ಎಂದು ಬರೆದೆ. ಓಡಿತು. ಎದೆ ಉಬ್ಬಿತು.

"ನೀನು ಹೋಗಿ ಒಗ್ಗರಣೆ ನೋಡ್ಕೋ. ನವಿಲು ನಾನು ನೋಡ್ಕೋತೀನಿ," ಎಂದೆ.

ಇಂದು ಬಟ್ಟೆಯನ್ನು ಫ್ರೇಮಿಗೆ ಬಿಗಿದು, ನವಿಲುಗಳ ಜಾಗಕ್ಕೆ ಗುರುತು ಹಾಕಿಕೊಟ್ಟು, ಅನುಮಾನಿಸುತ್ತಲೇ ಒಳಗೆ ಹೋದಳು. ನಾನು ಎಡ ನವಿಲಿಗೆ ಒಂದು ಸಲ, ಬಲ ನವಿಲಿಗೆ ಒಂದು ಸಲ ಹೊಲಿಯನ್ನು ಕರೆದೆ, ಪೆನ್ ಡ್ರೈವ್ ಚುಚ್ಚಿದೆ, ಗುಂಡಿ ಒತ್ತಿದೆ, ಕಾಲ ಮೇಲೆ ಕಾಲು ಹಾಕಿ ಪೇಪರ್ ಓದಿದೆ. ಮೆಷಿನ್ ಕಟಕಟ ಎನ್ನುವುದನ್ನು ಕೇಳುತ್ತಿದ್ದರೆ ನಾನೇ ಹೊಲಿಯುತ್ತಿದ್ದೇನೆ ಎನಿಸುವಷ್ಟು ಹೆಮ್ಮೆ.

ಇಂದು ಕೈ ಒರೆಸಿಕೊಳ್ಳುತ್ತಾ ಬಂದವಳು ಬಟ್ಟೆ ನೋಡಿ ಹಾಗೇ ನಿಂತಳು. ನಾನೂ ನೋಡಿದೆ. ನವಿಲುಗಳೇನೋ ಚೆಂದವಾಗಿಯೇ ಬಿದ್ದಿದ್ದವು. ಆದರೆ ಎಡದ್ದು ಎಡತೋಳಿನ ಕಡೆ ನೋಡುತ್ತಿತ್ತು, ಬಲದ್ದು ಬಲತೋಳಿನ ಕಡೆ. ನಡುವೆ ಎರಡೂ ಬಾಲಗಳು ಸಿಕ್ಕುಬಿದ್ದಿದ್ದವು. ಫ್ಯಾಮಿಲಿ ಕೋರ್ಟಿನಿಂದ ಈಗಷ್ಟೇ ಹೊರಗೆ ಬಂದ ದಂಪತಿಗಳ ಹಾಗೆ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದವು.

"ಯಾವ ಹೊಲಿ ಓಡ್ಸಿದ್ರಿ?" ಎಂದಳು ಇಂದು. ದನಿ ತೀರಾ ಮೆಲ್ಲಗಿತ್ತು. ಅವಳ ದನಿ ಮೆಲ್ಲಗಾದರೆ ನನಗೆ ಭಯವಾಗುತ್ತದೆ.

"ಯಾವ ಹೊಲಿ ಅಂದ್ರೆ? ಇರೋದೇ ಒಂದು."

ಕರೆದರೆ ಬರುವವನು ಯಾರು ಎಂದು ಹೇಳುವ ಒಂದು ಕಮಾಂಡ್ ಇದೆ, 'ವಿಚ್' ಎಂದು. ಇಂದು ಅದನ್ನು ಬರೆದಳು. ಉತ್ತರ ಬಂತು: ಸ್ಲ್ಯಾಶ್ ಹೋಮ್ ಸ್ಲ್ಯಾಶ್ ಇಂದು ಸ್ಲ್ಯಾಶ್ ಕೆಲಸ ಸ್ಲ್ಯಾಶ್ ಹಳೇದು ಸ್ಲ್ಯಾಶ್ ಹೊಲಿ.

"ಇದು ತಾಜುದ್ದೀನ್ ಭಾಯ್ ಮೊದಲು ಕೊಟ್ಟಿದ್ದು," ಎಂದಳು. "ಎಡ ಇರೋದನ್ನ ಬಲಕ್ಕೆ ತಿರುಗಿಸ್ತಿತ್ತು ಅಂತ ಆಮೇಲೆ ಸರಿ ಮಾಡಿ ಬೇರೆ ಕೊಟ್ರು. ಅದಕ್ಕೇ ನಾನು ಪೂರ್ತಿ ವಿಳಾಸ ಬರೀತಿದ್ದಿದ್ದು."

ಹಳೇದು ಮೊದಲು ಸಿಕ್ಕಿತು. ಕಂಪ್ಯೂಟರ್ 'ಕಸೂತಿ' ಫೋಲ್ಡರಿನವರೆಗೆ ಹೋಗಲೇ ಇಲ್ಲ. ನಿಯಮ ನಾನೇ ಹೇಳಿಕೊಟ್ಟದ್ದು. ಆದರೂ ನನ್ನ ಸಿಟ್ಟು ನ್ಯಾಯವಾದದ್ದೇ ಎಂದು ಈಗಲೂ ವಾದಿಸುತ್ತೇನೆ. "ಕೆಟ್ಟಿದ್ದನ್ನ ಯಾಕೆ ಇಟ್ಕೊಂಡಿದ್ದೆ? ಬಿಸಾಕೋಕೆ ಏನಾಗಿತ್ತು?" ಎಂದು ದಬಾಯಿಸಿದೆ.

"ನಿಮ್ಮನ್ನ ಬಿಸಾಕಿದೀನಾ?" ಎಂದಳು. ಆಮೇಲೆ ಅವಳ ಕಣ್ಣು ತುಂಬಿತು. "ಸೀರೆ ಜೊತೆ ನೇಯ್ದಿದ್ದು ಕಣ್ರೀ. ಇನ್ನೊಂದು ಎಲ್ಲಿಂದ ತರ್ಲಿ ನಾನು?"

ಅಲ್ಲಿಗೆ ನನ್ನ ವಾದ ನಿಂತುಹೋಯಿತು. ಅವಳು ಅತ್ತರೆ ನನಗೆ ಸಂಕಟವಾಗುತ್ತದೆ, ಇದನ್ನು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಅಮ್ಮ ಬಂದು ಬಟ್ಟೆಯನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಹಿಂದುಗಡೆಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆದರೆ ರೇಷ್ಮೆ ಉಳಿಯುತ್ತದೆ, ಆದರೆ ಅವಸರ ಮಾಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟಳು. ಯಾರು ತೆಗೆಯಬೇಕು ಎಂದು ಯಾರೂ ಹೇಳಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

ಹೀಗೆ ಒಬ್ಬ ಸ್ಟೋರ್ಸ್ ಇನ್‌ಚಾರ್ಜ್ ತನ್ನ ವಾರದ ರಜೆಯಲ್ಲಿ, ಕಿಟಕಿಯ ಪಕ್ಕ, ಎರಡು ನವಿಲುಗಳ ಪುಕ್ಕ ಕೀಳುತ್ತಾ ಕೂತ. ಊಟವನ್ನು ಅಲ್ಲೇ ತಂದುಕೊಟ್ಟರು, ಕೈ ತೊಳೆಸಿ ಮತ್ತೆ ಕೂರಿಸಿದರು. ಬಲ ನವಿಲಿನ ಬಾಲಕ್ಕೆ ಬರುವ ಹೊತ್ತಿಗೆ ಕುತ್ತಿಗೆ ಮರಗಟ್ಟಿತ್ತು. ಆಗಲೇ ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ಮದುಮಗಳ ಅಜ್ಜಿ, ಚಿಕ್ಕಬೈರಪ್ಪನವರ ತಾಯಿ ಪಟಾಲಮ್ಮ. ನಾನು ಹೆಗಲ ಟವೆಲನ್ನು ಬಟ್ಟೆಯ ಮೇಲೆ ಎಳೆದುಕೊಂಡೆ.

"ಎಂಗೈತೆ ಇಂದಮ್ಮ ನಮ್ ಮಗೀನ ರವಿಕೆ?"

"ಆಗ್ತಾ ಇದೆ ಅಜ್ಜಿ. ನಾಳೆ ಸಂಜೆ ನಾನೇ ತಂದ್ಕೊಡ್ತೀನಿ," ಎಂದಳು ಇಂದು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಪಟಾಲಮ್ಮನವರ ದೃಷ್ಟಿ ನನ್ನ ಕೈಯ ಸಣ್ಣ ಕತ್ತರಿಯ ಮೇಲೆ ಬಿತ್ತು. "ಇದೇನಪ್ಪಾ, ನೀನೂ ಒಲಿಗೆ ಕಲೀತಿದ್ದೀಯಾ?"

ನಾನು ಬಾಯಿ ತೆರೆಯುವ ಮೊದಲೇ ಇಂದು ಹೇಳಿದಳು, "ಹೂಂ ಅಜ್ಜಿ. ಸದ್ಯಕ್ಕೆ ಬಿಚ್ಚೋದು ಬರುತ್ತೆ."

ಅಜ್ಜಿ ನಗುತ್ತಾ ಇಳಿದುಹೋದರು. ಸಂಜೆಯ ಹೊತ್ತಿಗೆ ಬಟ್ಟೆ ಬರಿದಾಯಿತು, ಒಂದು ತೂತೂ ಬೀಳಲಿಲ್ಲ. (ಇದಕ್ಕೆ ನನ್ನನ್ನು ಯಾರೂ ಹೊಗಳಲಿಲ್ಲ ಎಂಬುದು ದಾಖಲಾಗಲಿ.) ಇಂದು ಅದನ್ನು ಮತ್ತೆ ಫ್ರೇಮಿಗೆ ಬಿಗಿದಳು. ಸ್ಲ್ಯಾಶ್ ಹೋಮ್ ಸ್ಲ್ಯಾಶ್ ಇಂದು ಎಂದು ಶುರು ಮಾಡಿದಳು. ಈ ಸಲ ಅದು ನನ್ನ ಕಿವಿಗೆ ಸಂಕಲ್ಪದಷ್ಟೇ ಪವಿತ್ರವಾಗಿ ಕೇಳಿಸಿತು. ನವಿಲುಗಳು ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತವು.

ಕೊನೆಗೂ ನಿರಾಳವಾಗಿ ಕಾಲು ಚಾಚಿದೆ. ಮೈಕೈ ನೋವು, ಹೊಟ್ಟೆಯಲ್ಲಿ ಹಸಿವು. ಇಷ್ಟು ದುಡಿದ ಗಂಡಸು ತನ್ನ ಮನೆಯಲ್ಲಿ ಒಂದು ಮಾತು ಹೇಳಿದರೆ ತಪ್ಪೇನು ಎಂದು, "ಇಂದೂ, ಕಾಫಿ," ಎಂದೆ. ವಿಳಾಸವಿಲ್ಲ, ಏನಿಲ್ಲ, ಬರೀ ಹೆಸರು.

ಆಶ್ಚರ್ಯವೆಂದರೆ ಕಾಫಿ ತಕ್ಷಣ ಬಂತು. ಇಂದು ಲೋಟವನ್ನು ಕೈಗೇ ಕೊಟ್ಟಳು. ಒಂದು ಗುಟುಕು ಕುಡಿದೆ. ಬೆಳಗಿನ ಕಾಫಿ. ತಣ್ಣಗೆ ಕೊರೆಯುತ್ತಿತ್ತು, ಮೇಲೆ ಕೆನೆ ಕಟ್ಟಿತ್ತು.

"ಇದೇನೇ ಇದು?"

"ಒಲೆ ಪಕ್ಕದಲ್ಲೇ ಇತ್ತು," ಎಂದಳು ಇಂದು. "ಡಿಕಾಕ್ಷನ್ ಆಮೇಲೆ ಬರುತ್ತೆ, ಹಾಲು ಅದಕ್ಕಿಂತ ಆಮೇಲೆ. ಮೊದಲು ಸಿಕ್ಕಿದ್ದು ಇದೇ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬಾಡಿದ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಕುಡಿಯಪ್ಪ," ಎಂದಳು. "ಮುಂದಕ್ಕೆ ಹೋಗೋ ಮಾತೇ ಇಲ್ಲ ಅಂತ ನೀನೇ ಹೇಳಿದ್ದೆಯಲ್ಲ."