ನಮ್ಮ ಮಾವ ಊರನ್ನು ಹೆದರಿಸಲು ಹೊರಟಾಗ

ನಮ್ಮ ಸೋದರಮಾವನ ಪ್ರತಿಭೆಯನ್ನು ಜಗತ್ತು ಗುರುತಿಸಲೇ ಇಲ್ಲ. ಅದು ಜಗತ್ತಿನ ಪುಣ್ಯ! ಚಳ್ಳಕೆರೆಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದ ಈ ಮಹಾನುಭಾವರು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ, "ಊಟದ ಪಂಕ್ತಿ ತೆಗ್ದು ತೆಗ್ದು ಸಾಕಾಗೈತೆ ಕಣಯ್ಯಾ. ಜನ ಗಡಗಡ ನಡುಗಬೇಕು, ಅಂಥಾ ಸಿನಿಮಾ ಮಾಡ್ತೀನಿ" ಎಂದು ಘೋಷಿಸಿಬಿಟ್ಟರು.

ಒಂಟಿ ಮನೆ, ಒಂಟಿ ಹೆಂಗಸು, ಮುಖವಾಡ ತೊಟ್ಟು ನುಗ್ಗುವ ಕೊಲೆಗಾರ. ಸುಳ್ಳೇಕೆ, ಕಥೆ ಕೇಳಿ ನನಗೂ ಮೈ ಜುಮ್ಮೆಂದಿತ್ತು. ಅದನ್ನು ಹಾಗೇ ಬಾಯಲ್ಲಿ ಹೇಳಿ ಸುಮ್ಮನಾಗಿದ್ದರೆ ಮಾವ ದೊಡ್ಡ ಕಲಾವಿದರಾಗಿ ಉಳಿಯುತ್ತಿದ್ದರು!

ಒಂಟಿ ಮನೆಯೆಂದು ಅವರು ಆರಿಸಿದ್ದು ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿದ್ದ ಅತ್ತೆಯ ತವರುಮನೆಯನ್ನು. ಎರಡೂ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಎಲ್ಲದರಲ್ಲೂ ಮಗ್ಗದ ಸದ್ದು! ನಾಯಕಿ? ಕಾಸಿಲ್ಲದ ನಿರ್ದೇಶಕನಿಗೆ ಹೆಂಡತಿಯಲ್ಲದೆ ಇನ್ಯಾರು ಸಿಗುತ್ತಾರೆ? ಕೊಲೆಗಾರ, ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಮಾವನ ಗೆಳೆಯ. ಆಳು ಬಾಗಿಲಷ್ಟೇ ಅಗಲ, ಸ್ವಭಾವ ಮಾತ್ರ ಬೆಣ್ಣೆ. ಶೇಂಗಾ ಚೀಲಕ್ಕೆ ತೂತು ಕೊರೆದು ಅವನ ತಲೆಗೆ ಹಾಕಿದರೆ ಮುಖವಾಡ, ಕ್ಯಾಮೆರಾಕ್ಕೆ ನೀಲಿ ಹಾಳೆ ಅಂಟಿಸಿದರೆ ರಾತ್ರಿ!

ಮೊದಲ ದೃಶ್ಯದಲ್ಲಿ ಕೊಲೆಗಾರ ಬಾಗಿಲು ಒದ್ದು ನುಗ್ಗಬೇಕು. ಅವನು ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಬಂದ.

"ಲೇ, ಕೊಲೆ ಮಾಡಾಕೆ ಬಂದೀಯೋ, ಸತ್ಯನಾರಾಯಣ ಪೂಜೆಗೆ ಬಂದೀಯೋ?" ಮಾವ ಕೂಗಿದರು.

"ಅಕ್ಕ ಈಗ್ತಾನೆ ನೆಲ ಒರೆಸ್ಯಾರಣ್ಣ..."

ಎರಡನೇ ಸಲ ನಿಜಕ್ಕೂ ಒದ್ದ. ಚಿಲಕ ಕಿತ್ತು ಬಂತು. ಅತ್ತೆ ಕಿರುಚಿದರು, ಆದರೆ ನಿರ್ದೇಶಕರ ಮೇಲೆ: "ನಮ್ಮಪ್ಪ ಹಾಕ್ಸಿದ್ ಚಿಲಕ ಕಣ್ರೀ ಅದು!" ಗಲಾಟೆ ಕೇಳಿ ಪಕ್ಕದ ಮನೆಯ ಅಜ್ಜಿ ನೇರವಾಗಿ ಕ್ಯಾಮೆರಾದ ಮುಂದೆ ಬಂದು, ಚೀಲ ತೊಟ್ಟವನನ್ನು ನೋಡಿ, "ಎವರು ನಾಯನಾ? ಕಾಫಿ ತಾಗುತಾವಾ?" ಎಂದು, ಯಾರೆಂದು ತಿಳಿಯುವ ಮೊದಲೇ ಕಾಫಿ ಕುಡಿಯುತ್ತೀಯಾ ಎಂದು ತೆಲುಗಿನಲ್ಲಿ ಉಪಚರಿಸಿದರು. ಕೊಲೆಗಾರ ಚೀಲದೊಳಗಿಂದಲೇ ಹೂಂಗುಟ್ಟಿದ. ಅಜ್ಜಿಯ ಹಿಂದೆ ಇಡೀ ಓಣಿಯೇ ಮನೆಗೆ ನುಗ್ಗಿತು!

ಅಂತೂ ಸಿನಿಮಾ ಮುಗಿಯಿತು. ಒಂದು ಭಾನುವಾರ ಮಧ್ಯಾಹ್ನ ಚಳ್ಳಕೆರೆಯ ಮನೆಯಲ್ಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ, ಟೀವಿ, ವಿಸಿಆರ್ ಇಟ್ಟು ಪ್ರದರ್ಶನ. ನೆಂಟರು, ಗಿರಣಿಯವರು ಎಲ್ಲ ಬಂದರು. ಕೊಲೆಗಾರ ಕಾಣಿಸಿದರೆ ನಗು, ಅತ್ತೆ ನಡುಗಿದರೆ ಇನ್ನೂ ನಗು. ಕೊಲೆಗಾರನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಲ್ಲರ ಜೊತೆ ಮಾವನೂ ನಗುತ್ತಿದ್ದರು. ಆದರೆ ಅವರು ಟೀವಿ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

ಜನ ಎದ್ದು ಹೋದ ಮೇಲೆ ಮಾವ ವೈರು ಕೀಳಲು ಬಗ್ಗಿದರು. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಇನ್ನೊಂದ್ಸಲ ಹಾಕ್ರಿ."

"ಯಾಕೆ, ನಕ್ಕಿದ್ದು ಸಾಲ್ದಾ?"

"ನಾನೆಲ್ಲಿ ನಕ್ಕೆ? ಅವ್ರು ನಗೋ ಗದ್ಲದಾಗೆ ನಂಗೆ ಒಂದು ಮಾತೂ ಕೇಳಿಸ್ಲಿಲ್ಲ. ಮೊದ್ಲಿಂದ ಹಾಕ್ರಿ."

ಮಾವ ಕೈಯಲ್ಲಿದ್ದ ವೈರನ್ನು ಬಿಟ್ಟರು. ಆಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಬಂದು ಅತ್ತೆಯ ಪಕ್ಕದಲ್ಲಿ ಕುಳಿತರು.