ಬಳ್ಳಿಗೆರಡು ಕುಂಬಳಕಾಯಿ

ತೋಟಗಾರಿಕೆ ಸಹಾಯಕನಾಗಿ ಅರಕಲಗೂಡು ತಾಲ್ಲೂಕು ಸುತ್ತಿದ ಅಷ್ಟೂ ವರ್ಷ ನನಗೆ ಬುದ್ಧಿ ಹೇಳುವುದಕ್ಕೇ ಸಂಬಳ. ನಾನು ಹೇಳಿದ್ದು ಒಂದು ದಿನವೂ ತಪ್ಪಿದ್ದಿಲ್ಲ, ಆದರೆ ಹೇಳಿ ಸುಮ್ಮನೆ ಮನೆಗೆ ಬಂದದ್ದೂ ಇಲ್ಲ. ತೊಂಬತ್ತರ ದಶಕದಲ್ಲಿ ಕೊಣನೂರಿನ ಹತ್ತಿರ ಒಬ್ಬ ಗೌಡತಿಯ ಕುಂಬಳದ ಹೊಲದಲ್ಲಿ ನಡೆದದ್ದನ್ನೇ ಕೇಳಿ.

ಬೆರಳು

ಗೌಡತಿಗೆ ನಮ್ಮ ತಾಯಿಯ ವಯಸ್ಸು. ಹೊಲದ ತುಂಬ ಬಳ್ಳಿ, ಬಳ್ಳಿಯ ತುಂಬ ಹೂವು, ಕಾಯಿ ಮಾತ್ರ ತೆಂಗಿನಕಾಯಿ ಗಾತ್ರ ದಾಟುತ್ತಿರಲಿಲ್ಲ. ಮೊದಲ ದಿನ, ಯಾವ ಹೀಚು ಉಳಿಸಬೇಕೆಂದು ಬೆರಳು ತೋರಿಸಿದೆ. ಆಕೆ ಗಬಕ್ಕನೆ ನನ್ನ ಬೆರಳು ಹಿಡಿದು ಮಡಚಿಬಿಟ್ಟರು.

"ನೆಟ್ಟಗೆ ಬೆಳ್ಳು ತೋರ್ಸುದ್ರೆ ಹೀಚು ಕೊಳ್ತೋಯ್ತದೆ ಸಾ. ಮಡಿಸ್ಕಂಡು ತೋರ್ಸಿ."

ನಾನು ಓದಿದ ಪುಸ್ತಕದಲ್ಲಿ ಇದಿರಲಿಲ್ಲ, ಆದರೆ ಹೊಲ ಅವರದು. ಅವತ್ತಿನ ಪಾಠವೆಲ್ಲ ಮಡಚಿದ ಬೆರಳಿನಲ್ಲೇ ನಡೆಯಿತು. ಮನೆಯಲ್ಲಿ ಊಟಕ್ಕೆ ಕೂತಾಗ ಅದೇ ಬೆರಳಿನಲ್ಲಿ ಸಾರಿನ ಪಾತ್ರೆ ತೋರಿಸಿದೆ. ಹೆಂಡತಿ ಸಾರು ಬಡಿಸಲಿಲ್ಲ, ಬೆರಳಿಗೆ ಹಚ್ಚಲು ಎಣ್ಣೆ ತಂದಳು.

ಎರಡು ಸಾಕು

ಮುಂದಿನ ವಾರ ಮುಖ್ಯ ವಿಷಯಕ್ಕೆ ಬಂದೆ. ಬಳ್ಳಿಯಲ್ಲಿ ಎರಡು ಕಾಯಿ ಕಚ್ಚಿದ ಮೇಲೆ ಬರುವ ಹೂವನ್ನೆಲ್ಲ ಚಿವುಟಬೇಕು, ಆಗ ಸತ್ವವೆಲ್ಲ ಆ ಎರಡಕ್ಕೇ ಹೋಗುತ್ತದೆ ಎಂದೆ. ಗಂಡು ಹೂವಿಗೆ ಗೌಡತಿಯ ತಕರಾರಿರಲಿಲ್ಲ, ಪಲ್ಯಕ್ಕಾಗುತ್ತಿತ್ತು. ಬುಡದಲ್ಲಿ ಹೀಚು ಹೊತ್ತ ಹೆಣ್ಣು ಹೂವನ್ನು ಚಿವುಟಲು ಮನಸ್ಸು ಬರಲಿಲ್ಲ. ನಿಮಗೆ ಮಕ್ಕಳೆಷ್ಟು ಎಂದು ನನ್ನನ್ನು ಕೇಳಿದರು. ಮೂರು ಎಂದೆ.

"ನೀವ್ ಮೂರ್ ಮಾಡ್ಕಂಡು ನಮ್ ಬಳ್ಳಿಗೆ ಎಲ್ಡೇ ಸಾಕು ಅಂತ ಯೋಳಾಕ್ ಬಂದಿದ್ದೀರಲ್ಲ ಸಾ."

ಹೊಲದಲ್ಲಿದ್ದವರೆಲ್ಲ ನಕ್ಕರು. ಮೂರನೆಯವನಿಗೆ ಆಗಿನ್ನೂ ಆರು ತಿಂಗಳು. ಅವನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

ಪಂದ್ಯ

ಅಷ್ಟು ಜನ ನಕ್ಕ ಮೇಲೆ ಬಿಡುವುದುಂಟೇ? ಊರವರ ಎದುರಿಗೇ ಮಾತು ಕೊಟ್ಟೆ. ಹೂವು ಚಿವುಟಿ ನೋಡಿ, ನಿಮ್ಮೊಬ್ಬರ ಕೈಲಿ ಎತ್ತಲಾಗದ ಕಾಯಿ ಬರದಿದ್ದರೆ, ಬಂದ ಕಾಯನ್ನು ಸಂತೆಗೆ ನಾನೇ ತಲೆಯ ಮೇಲೆ ಹೊರುತ್ತೇನೆ ಎಂದೆ. ಸೋತರೆ ಆ ಊರಲ್ಲಿ ಮತ್ತೆ ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಗೌಡತಿ ಒಂದು ಬಳ್ಳಿಯನ್ನು ಪಂದ್ಯಕ್ಕೆ ಬಿಟ್ಟರು. ದಿನಾ ಬೆಳಿಗ್ಗೆ ಬಳ್ಳಿಗೆ "ತಪ್ಪಾಯ್ತು ಕಣವ್ವ" ಎಂದು ಹೇಳಿ ಹೂವು ಚಿವುಟಿದರು.

ಗೆದ್ದವನು ನಾನೇ. ಎರಡೇ ಕಾಯಿ, ಒಂದೊಂದೂ ಒರಳುಕಲ್ಲಿನ ಹಾಗೆ. ಗೌಡತಿ ಬಗ್ಗಿ ಎತ್ತಲು ನೋಡಿ ಕೈಬಿಟ್ಟರು.

"ನೀವೇ ಗೆದ್ರಿ ಸಾ. ನನ್ ಕೈಲಿ ಎತ್ತಾಕಾಗಾಕಿಲ್ಲ. ಈಗ ಸಂತೆಗೆ ಯಾರ್ ವತ್ಕಂಡೋಗೋರು?"

ಊರವರೆಲ್ಲ ನನ್ನನ್ನೇ ನೋಡಿದರು. ಸೋತಿದ್ದರೆ ಸಣ್ಣ ಕಾಯನ್ನಾದರೂ ಹೊರುತ್ತಿದ್ದೆ.

ಸಂತೆ

ಬಸ್ಸಿನ ತನಕ ಎರಡು ಸಲ ಹೊತ್ತು, ಗೌಡತಿಯ ಜೊತೆ ಕೊಣನೂರು ಸಂತೆ ಮುಟ್ಟಿದರೆ, ಅಷ್ಟು ದೊಡ್ಡ ಕಾಯನ್ನು ಇಡಿಯಾಗಿ ಕೊಳ್ಳುವವರೇ ಇಲ್ಲ. ಹೋಳು ಮಾಡೋಣವೆಂದರೆ, ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ. ಹಾಗಾಗಿ ಮಚ್ಚೂ ನನ್ನ ಕೈಗೇ ಬಂತು. ಒಂದು ಕಾಯಿ ಹೋಳು ಮಾಡಿ ಮುಗಿಸುವಷ್ಟರಲ್ಲಿ ಎದುರಿಗೆ ನಮ್ಮ ಸಾಹೇಬರು, ಕೈಯಲ್ಲಿ ತರಕಾರಿ ಚೀಲ. "ಏನ್ರೀ ಇದು?" ಎಂದು ಉಳಿದ ಕಾಯಿಯತ್ತ ಬೆರಳು ಚಾಚಿದರು. ಗೌಡತಿ ಆ ಬೆರಳನ್ನೂ ಗಬಕ್ಕನೆ ಹಿಡಿದು ಮಡಚಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ.

ಬೆರಳು ಬಿಡದೆಯೇ ಗೌಡತಿ ಕೇಳಿದರು, "ನಿಮ್ಗೆಷ್ಟ್ ಮಕ್ಳು ಸಾ?"

ಸಾಹೇಬರು ಗಾಬರಿಯಲ್ಲಿ ನಿಜವನ್ನೇ ಹೇಳಿದರು, "ನಾಲ್ಕು."

"ಅಂಗಾರೆ ಅರ್ಧ ಸಾಲಾಕಿಲ್ಲ. ಇಡೀದೇ ತಗಂಡೋಗಿ."

ಸಾಹೇಬರು ಕಾಸು ಕೊಟ್ಟು, ಮಡಚಿದ ಬೆರಳಿನಲ್ಲೇ ನನಗೆ ಜೀಪು ತೋರಿಸಿದರು.